ಹೂವಿನ ಚಿತ್ರಕ್ಕೆ ಅರಮನೆ, ಒಣಗಿದ ಗಿಡಕ್ಕೆ ಜಾಗವಿಲ್ಲ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯವು ತನ್ನ ಹರ್ಬೇರಿಯಂ ಮುಚ್ಚಲು ನಿರ್ಧರಿಸಿರುವುದಾಗಿ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ನೂರು ವರ್ಷ ದಾಟಿದ ಆ ಸಂಗ್ರಹದಲ್ಲಿರುವ ಸುಮಾರು 8.25 ಲಕ್ಷ ಒಣಸಸ್ಯ ಮಾದರಿಗಳನ್ನು ಎರಡು–ಮೂರು ವರ್ಷಗಳಲ್ಲಿ ಬೇರೆ ಸಂಸ್ಥೆಗಳಿಗೆ ಸಾಗಿಸಬೇಕೆಂಬುದು ಯೋಜನೆಯಾಗಿತ್ತು. ಕಟ್ಟಡ ನವೀಕರಣ, ನಿರ್ವಹಣೆ ಮತ್ತು ಹೊಸ ಪ್ರಾಧ್ಯಾಪಕರ ನೇಮಕಕ್ಕೆ ಬೇಕಾದಷ್ಟು ಸಂಪನ್ಮೂಲ ತನ್ನಲ್ಲಿಲ್ಲ ಎಂಬುದು ಆಡಳಿತ ಕೊಟ್ಟ ಕಾರಣಗಳ ಸಾರ. ಸುದ್ದಿ ಓದಿದವರು ಗೊಂದಲಕ್ಕೆ ಬಿದ್ದದ್ದು ಇಲ್ಲಿಯೇ, ಏಕೆಂದರೆ ಆ ಹೊತ್ತಿಗೆ ಡ್ಯೂಕ್ ವಿಶ್ವವಿದ್ಯಾಲಯದ ದತ್ತಿನಿಧಿ ಸುಮಾರು 1160 ಕೋಟಿ ಡಾಲರ್‌ಗಳಷ್ಟಿತ್ತು.

ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿಯೂ ಇದೆ. ಸಸ್ಯಗಳ ಮೇಲಿನ ಪ್ರೀತಿಗಾಗಿ ಸಿರಿವಂತರು ಧಾರಾಳವಾಗಿ ಹಣ ಕೊಡುತ್ತಿರುವ ಕಾಲವಿದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸಸ್ಯಚಿತ್ರಕಲೆಗೆಂದೇ ಕಟ್ಟಿದ ಗ್ಯಾಲರಿಯಿದೆ. ವರ್ಜೀನಿಯಾದಲ್ಲಿ ಒಬ್ಬ ಶ್ರೀಮಂತ ಮಹಿಳೆಯ ತೋಟದ ಮನೆಯೇ ಸಸ್ಯ ಇತಿಹಾಸದ ಅಧ್ಯಯನ ಕೇಂದ್ರವಾಗಿದೆ. ಪಿಟ್ಸ್‌ಬರ್ಗ್‌ನಲ್ಲಿ ಅಲ್ಯೂಮಿನಿಯಂ ಉದ್ಯಮಿಯೊಬ್ಬರ ಪತ್ನಿ ಸಂಗ್ರಹಿಸಿದ ಪುಸ್ತಕಗಳಿಂದ ಆರಂಭವಾದ ಸಂಶೋಧನಾಲಯವಿದೆ. ಹೂವಿನ ಚಿತ್ರಕ್ಕೆ ದಾನಿಗಳು ಸಿಗುವಾಗ ಹೂವಿಗೇ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಸಹಜ. ದಾನದ ಹಣಕ್ಕೆ ತನ್ನದೇ ಆದ ಒಂದು ಸ್ವಭಾವವಿದೆ ಎಂಬುದನ್ನು ಅರ್ಥ ಮಾಡಿಕೊಳ್ಳದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಒಂದು ಹಾಳೆಯಲ್ಲಿ ಏನಿರುತ್ತದೆ

ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳ ದಾಖಲೆಮನೆ. ಮೇಲ್ನೋಟಕ್ಕೆ ಅದು ಉಕ್ಕಿನ ಬೀರುಗಳ ಸಾಲು, ಅಷ್ಟೆ. ಬೀರುವಿನೊಳಗೆ ದಪ್ಪ ರಟ್ಟಿನ ಮಡಿಕೆಗಳು, ಮಡಿಕೆಯೊಳಗೆ ಒಂದೂವರೆ ಅಡಿಗಿಂತ ಸ್ವಲ್ಪ ಚಿಕ್ಕದಾದ ಬಿಳಿ ಹಾಳೆ, ಹಾಳೆಯ ಮೇಲೆ ಅಂಟಿಸಿದ ಅಥವಾ ದಾರದಿಂದ ಹೊಲಿದ ಒಂದು ರೆಂಬೆ. ಎಲೆ ಕಂದಿರುತ್ತದೆ, ಹೂವಿನ ಬಣ್ಣ ಹೋಗಿರುತ್ತದೆ, ಉದುರಿದ ಬೀಜಗಳನ್ನು ಮೂಲೆಯಲ್ಲಿ ಅಂಟಿಸಿದ ಪುಟ್ಟ ಪೊಟ್ಟಣದಲ್ಲಿ ಇಟ್ಟಿರುತ್ತಾರೆ. ಕೆಳಗಡೆ ಒಂದು ಚೀಟಿ: ಯಾರು ಕಿತ್ತದ್ದು, ಯಾವ ದಿನ, ಯಾವ ಊರಿನ ಯಾವ ಹಳ್ಳದ ದಂಡೆ, ಎಷ್ಟು ಎತ್ತರ, ಹೂವು ಬಿಟ್ಟಿತ್ತೋ ಕಾಯಿಯೋ. ಚೀಟಿಯಿಲ್ಲದ ಮಾದರಿ ವಿಜ್ಞಾನದ ಲೆಕ್ಕಕ್ಕೆ ಬರಿಯ ತರಗೆಲೆ.

ಹೊಸ ಪ್ರಭೇದವೊಂದಕ್ಕೆ ಹೆಸರಿಡುವಾಗ ಆ ಹೆಸರಿಗೆ ಆಧಾರವಾಗಿ ಒಂದು ಮಾದರಿಯನ್ನು ಗೊತ್ತುಪಡಿಸಿ ಯಾವುದಾದರೊಂದು ಸಂಗ್ರಹದಲ್ಲಿ ಇಡಬೇಕೆಂಬ ನಿಯಮವಿದೆ. ಅದನ್ನು ಟೈಪ್ ಅಥವಾ ಮೂಲಮಾದರಿ ಎನ್ನುತ್ತಾರೆ. ಈ ಗಿಡ ಆ ಗಿಡವೇ ಹೌದೋ ಅಲ್ಲವೋ ಎಂಬ ತಕರಾರು ನೂರು ವರ್ಷದ ನಂತರ ಎದ್ದರೂ ಕೊನೆಗೆ ಆ ಹಾಳೆಯನ್ನೇ ತೆಗೆದು ನೋಡಬೇಕಾಗುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಮೂಲಪತ್ರ ಹುಡುಕಿದ ಹಾಗೆ. ಇದಲ್ಲದೆ ಹಾಳೆಗಳ ಉಪಯೋಗ ಕಾಲ ಕಳೆದಂತೆ ಬದಲಾಗುತ್ತ ಬಂದಿದೆ. ಐವತ್ತು ವರ್ಷದ ಹಿಂದೆ ಯಾರೋ ಕಿತ್ತ ಎಲೆಯ ಚೂರಿನಿಂದ ಇಂದು ಡಿಎನ್ಎ ತೆಗೆಯುತ್ತಾರೆ, ಎಲೆಯ ರಂಧ್ರಗಳನ್ನು ಎಣಿಸಿ ಅಂದಿನ ಗಾಳಿಯ ಇಂಗಾಲದ ಬಗ್ಗೆ ತಿಳಿಯುತ್ತಾರೆ, ಹೂಬಿಟ್ಟ ದಿನಾಂಕಗಳನ್ನು ಜೋಡಿಸಿ ಹವಾಮಾನ ಬದಲಾಗಿರುವುದನ್ನು ಅಳೆಯುತ್ತಾರೆ. ಗಿಡ ಕಿತ್ತವರಿಗೆ ಈ ಯಾವುದರ ಕಲ್ಪನೆಯೂ ಇರಲಿಲ್ಲ.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಮುಂದಕ್ಕೆ ಹೋಗಿ, ಇನ್ನೂ ವಿವರಿಸಿರದ ಸುಮಾರು 70,000 ಹೂಬಿಡುವ ಸಸ್ಯ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಗಾಗಲೇ ಹರ್ಬೇರಿಯಂಗಳ ಬೀರುಗಳಲ್ಲಿ ಗುರುತಿಲ್ಲದೆ ಕುಳಿತಿರಬಹುದೆಂದು ಅಂದಾಜು ಮಾಡಿತು. ಹೊಸ ಪ್ರಭೇದಗಳಲ್ಲಿ ಶೇ 16ರಷ್ಟು ಮಾತ್ರ ಸಂಗ್ರಹಿಸಿದ ಐದು ವರ್ಷಗಳೊಳಗೆ ಹೆಸರು ಪಡೆದಿದ್ದವು. ಸುಮಾರು ಕಾಲುಭಾಗಕ್ಕೆ ಐವತ್ತಕ್ಕೂ ಹೆಚ್ಚು ವರ್ಷ ಹಿಡಿದಿತ್ತು. ಅಂದರೆ ಹರ್ಬೇರಿಯಂನಲ್ಲಿ ಇಂದು ಹಾಕಿದ ಹಣದ ಫಲ ಮೊಮ್ಮಕ್ಕಳ ಕಾಲಕ್ಕೆ ಕಾಣಬಹುದು. ಹಣ ಕೊಡುವವರ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಅನಾಕರ್ಷಕವಾದ ಲೆಕ್ಕಾಚಾರ ಇನ್ನೊಂದಿರಲಾರದು.

ಚಿತ್ರ ಬರಿಯ ಅಲಂಕಾರವೇ?

ಹಾಗೆಂದು ಸಸ್ಯಚಿತ್ರಗಳಿಗೆ ಹೋಗುವ ಹಣವೆಲ್ಲ ಶೋಕಿಗೆ ಹೋದದ್ದು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಒಣಗಿದ ಮಾದರಿಯಲ್ಲಿ ಕಳೆದುಹೋಗುವ ಬಣ್ಣ, ಭಂಗಿ, ರಸಭರಿತ ಕಾಂಡದ ಆಕಾರ ಚಿತ್ರದಲ್ಲಿ ಉಳಿಯುತ್ತದೆ. ಫೋಟೋ ಒಂದು ಕ್ಷಣದ ಒಂದು ಗಿಡವನ್ನು ತೋರಿಸಿದರೆ, ಚಿತ್ರಕಾರ ಮೊಗ್ಗು, ಅರಳಿದ ಹೂ, ಸೀಳಿದ ಅಂಡಾಶಯ, ಹತ್ತು ಪಟ್ಟು ದೊಡ್ಡದು ಮಾಡಿದ ಕೇಸರ, ಬಲಿತ ಬೀಜ ಇಷ್ಟನ್ನೂ ಒಂದೇ ಹಾಳೆಯಲ್ಲಿ ತರುತ್ತಾನೆ. ಗುರುತಿಗೆ ಬೇಕಾದದ್ದನ್ನು ಎತ್ತಿ, ಬೇಡದ್ದನ್ನು ಬಿಡುತ್ತಾನೆ. ಕ್ಯೂ ಉದ್ಯಾನದೊಂದಿಗೆ ಹೆಸರು ಬೆಸೆದುಕೊಂಡಿರುವ ಕರ್ಟಿಸ್ ಸಸ್ಯಪತ್ರಿಕೆ 1787ರಿಂದ ಇಂದಿನವರೆಗೂ ಕೈಯಿಂದ ಬರೆದ ಚಿತ್ರಗಳನ್ನು ಪ್ರಕಟಿಸುತ್ತಿರುವುದು ಹಳೆಯ ವ್ಯಾಮೋಹದಿಂದಷ್ಟೇ ಅಲ್ಲ.

ಈ ಕತೆಗೆ ನಮ್ಮ ಶಿವಮೊಗ್ಗದ ನಂಟೂ ಇದೆ. 1840ರ ದಶಕದಲ್ಲಿ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡ್ ಮೂಲದ ಅಧಿಕಾರಿ ಸುತ್ತಮುತ್ತಲಿನ ಗಿಡಗಳನ್ನು ಒಬ್ಬ ಮರಾಠಾ ಚಿತ್ರಕಾರನಿಂದ ಬರೆಸುತ್ತ ಹೋದ. ಅವನು ದಕ್ಷಿಣ ಭಾರತದಲ್ಲಿ ಬರೆಸಿದ, ಕೂಡಿಸಿದ ಚಿತ್ರಗಳು ಇಂದು ಎಡಿನ್‌ಬರೊ ಸಸ್ಯೋದ್ಯಾನದಲ್ಲಿವೆ. ಅದೇ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ರಾಬರ್ಟ್ ವೈಟ್ ರಂಗಯ್ಯ ಮತ್ತು ಗೋವಿಂದು ಎಂಬ ಇಬ್ಬರು ಚಿತ್ರಕಾರರನ್ನು ನೆಚ್ಚಿಕೊಂಡಿದ್ದ. ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ಕ್ಲೆಗ್‌ಹಾರ್ನ್, ವೈಟ್ ಇಬ್ಬರೂ ದೊಡ್ಡ ಸಿರಿವಂತರೇನಲ್ಲ, ಕಂಪನಿ ಸರ್ಕಾರದ ನೌಕರರು. ಆದರೂ ಪೋಷಣೆಯ ರೀತಿ ಅದೇ: ಹಣ ಒಬ್ಬರದು, ಕೈ ಇನ್ನೊಬ್ಬರದು, ಸಂಗ್ರಹ ಕೊನೆಗೆ ಸೇರಿದ್ದು ಮೂರನೆಯ ಊರಿಗೆ.

ಕ್ಯೂನ ಎರಡು ಗ್ಯಾಲರಿಗಳು

ಕ್ಯೂ ಉದ್ಯಾನದಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ಗ್ಯಾಲರಿಗಳು ಖಾಸಗಿ ಹಣದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತವೆ. ಮೊದಲನೆಯದು 1882ರಲ್ಲಿ ತೆರೆದ ಮೇರಿಯಾನ್ ನಾರ್ತ್ ಗ್ಯಾಲರಿ. ತಂದೆಯಿಂದ ಬಂದ ಆಸ್ತಿಯ ಬಲದಲ್ಲಿ ಒಂಟಿಯಾಗಿ ಜಗತ್ತು ಸುತ್ತಿ, ಭಾರತದಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಓಡಾಡಿ ಗಿಡಮರಗಳ ತೈಲವರ್ಣ ಚಿತ್ರಗಳನ್ನು ಬರೆದ ಆಕೆ, ಅವುಗಳನ್ನು ಇಡುವ ಕಟ್ಟಡವನ್ನೂ ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಟ್ಟಳು. ಗೋಡೆ ಕಾಣದ ಹಾಗೆ 800ಕ್ಕೂ ಹೆಚ್ಚು ಚಿತ್ರಗಳು ಒತ್ತೊತ್ತಾಗಿ ನೇತುಬಿದ್ದಿವೆ. ಕೆಳಗಿನ ಪಟ್ಟಿಯಲ್ಲಿ 246 ಬಗೆಯ ಮರದ ಹಲಗೆಗಳು. ನೋಡಲು ಬಂದವರಿಗೆ ಚಹಾ, ಕಾಫಿ ಕೊಡಬೇಕೆಂಬುದು ಆಕೆಯ ಆಸೆಯಾಗಿತ್ತು. ಉದ್ಯಾನದ ನಿರ್ದೇಶಕ ಜೋಸೆಫ್ ಹೂಕರ್ ಅದಕ್ಕೆ ಒಪ್ಪಲಿಲ್ಲ. ಆಕೆ ಬಾಗಿಲ ಮೇಲೆ ಚಹಾ ಗಿಡವನ್ನೂ ಕಾಫಿ ಗಿಡವನ್ನೂ ಬರೆದು ಸುಮ್ಮನಾದಳು. ದಾನ ಕೊಟ್ಟವರಿಗೂ ದಾನ ಪಡೆದ ವಿಜ್ಞಾನಿಗೂ ನಡುವಿನ ಎಳೆದಾಟ ಅಂದೇ ಇತ್ತು ಎನ್ನುವುದಕ್ಕೆ ಇಷ್ಟು ಸಾಕು.

ನಾರ್ತ್ ಚಿತ್ರಗಳಿಂದ ವಿಜ್ಞಾನಕ್ಕೆ ಲಾಭವೂ ಆಯಿತು. ಬೋರ್ನಿಯೊದ ಸರವಾಕ್‌ನಲ್ಲಿ ಆಕೆ ಬರೆದ ಹೂಜಿಗಿಡದ ಚಿತ್ರವನ್ನು ಕಂಡ ಲಂಡನ್ನಿನ ನರ್ಸರಿಯವರು ಅದನ್ನು ಹುಡುಕಿ ತರಲು ಆಳನ್ನೇ ಕಳಿಸಿದರು. ಅದು ಹೊಸ ಪ್ರಭೇದವೆಂದು ಗೊತ್ತಾಗಿ ಆಕೆಯ ಹೆಸರನ್ನೇ ಪಡೆಯಿತು. ಆದರೆ ಕಟ್ಟಡಕ್ಕೆ ವಯಸ್ಸಾಯಿತು, ಚಾವಣಿ ಸೋರಿತು, ತೇವಕ್ಕೆ ಚಿತ್ರಗಳು ಕೆಟ್ಟವು. ಅದನ್ನು ದುರಸ್ತಿ ಮಾಡಿ 2009ರಲ್ಲಿ ಮತ್ತೆ ತೆರೆಯುವಾಗ ನೆರವು ಬಂದದ್ದು ಬ್ರಿಟನ್ನಿನ ಹೆರಿಟೇಜ್ ಲಾಟರಿ ಫಂಡ್‌ನಿಂದ, ಅಂದರೆ ಲಾಟರಿ ಚೀಟಿ ಕೊಂಡ ಸಾಮಾನ್ಯ ಜನರಿಂದ. ಕಟ್ಟಿಸುವ ಖರ್ಚು ದಾನಿಯದು, ಕಾಪಾಡುವ ಖರ್ಚು ಊರಿನದು.

ಎರಡನೆಯದು 2008ರಲ್ಲಿ ಆರಂಭವಾದ ಶರ್ಲಿ ಶೆರ್ವುಡ್ ಗ್ಯಾಲರಿ. ಆಕ್ಸ್‌ಫರ್ಡ್‌ನಲ್ಲಿ ಸಸ್ಯವಿಜ್ಞಾನ ಓದಿದ ಶರ್ಲಿ ಶೆರ್ವುಡ್ ಅವರ ಪತಿ ಜೇಮ್ಸ್ ಶೆರ್ವುಡ್, ಹಡಗಿನ ಕಂಟೇನರ್ ವ್ಯಾಪಾರದಿಂದ ಬೆಳೆದು, ಐಷಾರಾಮಿ ಹೋಟೆಲುಗಳನ್ನೂ ಓರಿಯಂಟ್ ಎಕ್ಸ್‌ಪ್ರೆಸ್ ರೈಲನ್ನೂ ನಡೆಸಿದ ಉದ್ಯಮಿ. 1990ರಿಂದ ಶರ್ಲಿ ಶೆರ್ವುಡ್ ಸಮಕಾಲೀನ ಸಸ್ಯಚಿತ್ರಗಳನ್ನು ಕೊಳ್ಳಲು ಆರಂಭಿಸಿದರು. ಸಂಗ್ರಹ ಸಾವಿರ ದಾಟಿತು. ಜಲವರ್ಣದ ಚಿತ್ರ ಬೆಳಕಿಗೂ ತೇವಕ್ಕೂ ಬೇಗ ಹಾಳಾಗುವುದರಿಂದ ಅದಕ್ಕೆ ಮಂದಬೆಳಕಿನ, ಹದವಾದ ಗಾಳಿಯ ಕೋಣೆ ಬೇಕು. ಇಂಥ ಕಟ್ಟಡ ಬರುವವರೆಗೆ ಕ್ಯೂ ತನ್ನಲ್ಲಿದ್ದ ಎರಡು ಲಕ್ಷಕ್ಕೂ ಮಿಕ್ಕ ಚಿತ್ರಗಳಲ್ಲಿ ಹೆಚ್ಚಿನದನ್ನು ಸಾರ್ವಜನಿಕರಿಗೆ ತೋರಿಸುವಂತೆಯೇ ಇರಲಿಲ್ಲ. ಇದರ ಜೊತೆಗೆ, ಬದುಕಿರುವ ಚಿತ್ರಕಾರರಿಂದ ಒಬ್ಬರು ನಿಯಮಿತವಾಗಿ ಕೊಳ್ಳುತ್ತಾರೆಂದರೆ ಆ ಕಸುಬಿಗೆ ಮಾರುಕಟ್ಟೆ ಹುಟ್ಟುತ್ತದೆ, ಹೊಸಬರು ಕಲಿಯಲು ಬರುತ್ತಾರೆ. ಇವೆಲ್ಲ ನಿಜವಾದ ಲಾಭಗಳೇ.

ಆದರೆ 2023ರಲ್ಲಿ, ಅದೇ ಕ್ಯೂ ಉದ್ಯಾನದ ಸುಮಾರು 70 ಲಕ್ಷ ಮಾದರಿಗಳ ಹರ್ಬೇರಿಯಂ ಅನ್ನು ರೆಡಿಂಗ್ ಬಳಿಯ ವಿಜ್ಞಾನ ಪಾರ್ಕಿಗೆ ಸಾಗಿಸುವ ಪ್ರಸ್ತಾಪ ವಿವಾದಕ್ಕೆ ಸಿಲುಕಿತು. ಹಳೆಯ ಕಟ್ಟಡದಲ್ಲಿ ಬೆಂಕಿಯ ಭಯವಿದೆ, ಜಾಗ ತುಂಬಿದೆ ಎಂಬ ಆಡಳಿತದ ಮಾತೂ, ಉದ್ಯಾನ–ಗ್ರಂಥಾಲಯ–ಸಂಗ್ರಹಗಳನ್ನು ಬೇರ್ಪಡಿಸಿದರೆ ವಿಜ್ಞಾನ ಬಡವಾಗುತ್ತದೆ ಎಂಬ ಸಸ್ಯವಿಜ್ಞಾನಿಗಳ ಮಾತೂ ತೂಕದವೇ. ಹೊರಗೆ ಕಳಿಸುವ ಮಾತು ಬಂದದ್ದು ಒಣಗಿದ ಗಿಡಗಳ ಬಗ್ಗೆ. ಚಿತ್ರಗಳ ಗ್ಯಾಲರಿಯ ಬಗ್ಗೆ ಬರಲಿಲ್ಲ.

ಕೊಚ್ಚಿಹೋದ ಹೂದೋಟ ಮತ್ತು ಇಡಗಂಟು

ಡ್ಯೂಕ್ ವಿಶ್ವವಿದ್ಯಾಲಯದ ಆವರಣದಲ್ಲೇ ಸಾರಾ ಡ್ಯೂಕ್ ಅವರ ಹೆಸರಿನ 55 ಎಕರೆಯ ಹೂದೋಟವಿದೆ. ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ತಂಬಾಕು ಉದ್ಯಮಿ ಕುಟುಂಬದವರಾದ ಸಾರಾ 1934ರಲ್ಲಿ 20,000 ಡಾಲರ್ ಕೊಟ್ಟು, ಒಂದು ಕೊರಕಲಿನಲ್ಲಿ ತೋಟ ಮಾಡಿಸಿದರು. ಮರುವರ್ಷ ನೂರಕ್ಕೂ ಹೆಚ್ಚು ಪಾತಿಗಳಲ್ಲಿ 40,000 ಐರಿಸ್, 25,000 ಡ್ಯಾಫೊಡಿಲ್ ಹೂಗಳು ಅರಳಿದವು. ಬೇಸಗೆಯ ಮಳೆಗೆ ಪಕ್ಕದ ತೊರೆ ಉಕ್ಕಿ ಪಾತಿಗಳು ಕೊಚ್ಚಿಹೋದವು. 1936ರಲ್ಲಿ ಸಾರಾ ತೀರಿಕೊಳ್ಳುವ ಹೊತ್ತಿಗೆ ತೋಟ ಹಾಳುಬಿದ್ದಿತ್ತು. ಆಕೆಯ ಮಗಳು ಹೊಸದಾಗಿ ಹಣ ಕೊಟ್ಟು, ಎತ್ತರದ ಜಾಗದಲ್ಲಿ ತಾಯಿಯ ನೆನಪಿಗೆ ಮತ್ತೆ ತೋಟ ಮಾಡಿಸಿದಳು, 1939ರಲ್ಲಿ ಅದು ಉದ್ಘಾಟನೆಯಾಯಿತು. ಹೆಸರು ಹೊತ್ತ, ಕಣ್ಣಿಗೆ ಕಾಣುವ, ಜನ ಮೆಚ್ಚುವ ವಸ್ತು ಒಮ್ಮೆ ಹಾಳಾದರೂ ಎರಡನೆಯ ದಾನಿಯನ್ನು ಹುಟ್ಟಿಸಿಕೊಳ್ಳುತ್ತದೆ. ಅದೇ ಆವರಣದ ಹರ್ಬೇರಿಯಂಗೆ ಆ ಭಾಗ್ಯವಿರಲಿಲ್ಲ.

ಕಾರಣ ಸರಳವಾದರೂ ಬಿಡಿಸಿ ಹೇಳಬೇಕಾದದ್ದು. ಕಟ್ಟಡ ಒಂದು ಸಲದ ಖರ್ಚು. ಅದಕ್ಕೆ ಆರಂಭವಿದೆ, ಮುಗಿಯುವ ದಿನವಿದೆ, ಉದ್ಘಾಟನೆಯ ಫಲಕವಿದೆ. ಹರ್ಬೇರಿಯಂಗೆ ಬೇಕಾದದ್ದು ಮುಗಿಯದ ಖರ್ಚು: ಹುಳು ಬೀಳದಂತೆ ಮಾದರಿಗಳನ್ನು ಸರದಿಯಲ್ಲಿ ಶೀತಪೆಟ್ಟಿಗೆಯಲ್ಲಿಡುವುದು, ತೇವಾಂಶ ನೋಡಿಕೊಳ್ಳುವುದು, ಹೆಸರು ಬದಲಾದಾಗ ಹಾಳೆಗಳನ್ನು ಮರುಜೋಡಿಸುವುದು, ಬೇರೆ ದೇಶದ ಸಂಶೋಧಕರು ಕೇಳಿದಾಗ ಎರವಲು ಕಳಿಸುವುದು, ಇಷ್ಟನ್ನೂ ಬಲ್ಲ ಕ್ಯುರೇಟರ್‌ಗೆ ತಿಂಗಳು ತಿಂಗಳು ಸಂಬಳ ಕೊಡುವುದು. ಇಂಥ ಖರ್ಚಿಗೆ ಇರುವ ದಾರಿ ಇಡಗಂಟು ಒಂದೇ. ವರ್ಷಕ್ಕೆ ಶೇ 4ರಷ್ಟನ್ನು ಮಾತ್ರ ಬಳಸಿ ಉಳಿದದ್ದನ್ನು ಬೆಳೆಯಲು ಬಿಡುವ ಪದ್ಧತಿಯಲ್ಲಿ, ವರ್ಷಕ್ಕೆ ಒಂದು ಕೋಟಿ ರೂಪಾಯಿ ಬೇಕಿದ್ದರೆ 25 ಕೋಟಿ ರೂಪಾಯಿಯ ಗಂಟು ಇರಬೇಕು. ಆ 25 ಕೋಟಿಯಲ್ಲಿ ಒಂದು ಚೆಂದದ ಕಟ್ಟಡವೇ ಎದ್ದೀತು ಎಂದು ದಾನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹಾಗಾದರೆ 1160 ಕೋಟಿ ಡಾಲರ್ ಏನಾಯಿತು? ವಿಶ್ವವಿದ್ಯಾಲಯದ ದತ್ತಿನಿಧಿ ಒಂದೇ ಹುಂಡಿಯಲ್ಲ. ಅದು ಸಾವಿರಾರು ಸಣ್ಣ ದೊಡ್ಡ ದತ್ತಿಗಳ ಮೊತ್ತ. ಹೆಚ್ಚಿನವಕ್ಕೆ ದಾನಿಗಳು ಹಾಕಿದ ಷರತ್ತು ಇರುತ್ತದೆ. ಹೃದ್ರೋಗ ವಿಭಾಗದ ಪೀಠಕ್ಕೆಂದು ಬಂದ ಹಣದಲ್ಲಿ ಒಣಗಿದ ಹಾವಸೆಯ ಬೀರು ಕೊಳ್ಳುವಂತಿಲ್ಲ. ಆದರೂ ಷರತ್ತಿಲ್ಲದ ಪಾಲೂ ಇದ್ದೇ ಇರುತ್ತದೆ ಮತ್ತು ಅದನ್ನು ಎಲ್ಲಿ ಬಳಸಬೇಕೆಂಬುದು ಆಡಳಿತದ ಆದ್ಯತೆಗೆ ಬಿಟ್ಟದ್ದು. ಆದ್ದರಿಂದ ಹಣವೇ ಇಲ್ಲ ಎಂಬ ಮಾತನ್ನು ಇದಕ್ಕೆ ಕೊಡುವ ಹಣವಿಲ್ಲ ಎಂದು ಓದಿಕೊಳ್ಳುವುದು ನ್ಯಾಯ.

ನಮ್ಮ ಹಳೆಯ ಶಾಸನಗಳು ಈ ವಿಷಯದಲ್ಲಿ ಹೆಚ್ಚು ವ್ಯವಹಾರಜ್ಞಾನ ತೋರಿಸಿವೆ ಎನ್ನಬೇಕು. ದೇವಾಲಯ ಕಟ್ಟಿಸಿದವರು ಅಲ್ಲಿಗೇ ನಿಲ್ಲದೆ ನಂದಾದೀಪದ ಎಣ್ಣೆಗೆ, ಪೂಜಾರಿ–ವಾದ್ಯಗಾರರ ಜೀವಿತಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು ಬಿರುಕುಬಿಟ್ಟದ್ದರ ದುರಸ್ತಿಗೆ, ಇಂತಿಷ್ಟು ಗದ್ದೆ ಎಂದು ಬಿಡಿಸಿ ಬರೆಸುತ್ತಿದ್ದರು. ಬಿರುಕು ಬಿಟ್ಟೇ ಬಿಡುತ್ತದೆ ಎಂಬ ಅರಿವು ದಾನದ ದಿನವೇ ಇರುತ್ತಿತ್ತು.

ಸಲಹೆ ಕೇಳಿದ ವ್ಯಾಪಾರಿ

ಆಧುನಿಕ ಕಾಲದಲ್ಲೂ ಈ ಅರಿವಿದ್ದ ದಾನಿಗಳು ಇಲ್ಲದಿಲ್ಲ. ಸೇಂಟ್ ಲೂಯಿಸ್ ನಗರದಲ್ಲಿ ಕಬ್ಬಿಣದ ಸಾಮಾನು, ಚಾಕು ಕತ್ತರಿ ಮಾರಿ ಸಿರಿವಂತನಾದ ಹೆನ್ರಿ ಷಾ 1859ರಲ್ಲಿ ತನ್ನ ತೋಟವನ್ನು ಸಾರ್ವಜನಿಕರಿಗೆ ತೆರೆದ. ಅದೇ ಇಂದಿನ ಮಿಸೌರಿ ಸಸ್ಯೋದ್ಯಾನ. ಅವನ ಮನಸ್ಸಿನಲ್ಲಿದ್ದದ್ದು ಇಂಗ್ಲೆಂಡಿನ ಶ್ರೀಮಂತರ ತೋಟಗಳಂಥ ಒಂದು ವಿಹಾರದ ಜಾಗ. ಆದರೆ ಊರಿನ ವೈದ್ಯನೂ ಸಸ್ಯವಿಜ್ಞಾನಿಯೂ ಆಗಿದ್ದ ಜಾರ್ಜ್ ಎಂಗೆಲ್‌ಮನ್, ಗ್ರಂಥಾಲಯ ಮತ್ತು ಹರ್ಬೇರಿಯಂ ಇಲ್ಲದ ತೋಟ ವಿಜ್ಞಾನದ ತೋಟವಾಗದು ಎಂದು ಒತ್ತಾಯಿಸಿದ. ಷಾ ಒಪ್ಪಿಕೊಂಡ. ಎಂಗೆಲ್‌ಮನ್ ಯುರೋಪಿಗೆ ಹೋದಾಗ, ಜರ್ಮನಿಯ ಬರ್ನ್‌ಹಾರ್ಡಿ ಎಂಬ ವಿಜ್ಞಾನಿ ಬಿಟ್ಟುಹೋದ ಸುಮಾರು 60,000 ಮಾದರಿಗಳ ಸಂಗ್ರಹ 600 ಡಾಲರಿಗೆ ಸಿಕ್ಕಿತು. ಮಾದರಿಯೊಂದಕ್ಕೆ ಒಂದು ಸೆಂಟ್. ಅಲ್ಲಿಂದ ಬೆಳೆದ ಹರ್ಬೇರಿಯಂನಲ್ಲಿ ಈಗ 70 ಲಕ್ಷದ ಆಸುಪಾಸಿನಲ್ಲಿ ಮಾದರಿಗಳಿವೆ. ಷಾ ತನ್ನ ಆಸ್ತಿಯನ್ನು ಉದ್ಯಾನದ ನಿರ್ವಹಣೆಗೆ ಬಿಟ್ಟುಹೋದ. ಮುಂದೆ ಅದು ಸಾಲದಾದಾಗ, 1983ರಲ್ಲಿ ಸ್ಥಳೀಯ ಆಸ್ತಿ ತೆರಿಗೆಯ ಒಂದು ಪಾಲು ಉದ್ಯಾನಕ್ಕೆ ಸಲ್ಲುವ ವ್ಯವಸ್ಥೆಯಾಯಿತು.

ಪಿಟ್ಸ್‌ಬರ್ಗ್‌ನ ರೇಚಲ್ ಹಂಟ್ ಅವರದು ಇನ್ನೊಂದು ಬಗೆ. ಆಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಅಧ್ಯಕ್ಷರಾಗಿದ್ದ ರಾಯ್ ಹಂಟ್ ಅವರ ಪತ್ನಿಯಾದ ಆಕೆ, ಪುಸ್ತಕಕ್ಕೆ ರಟ್ಟು ಕಟ್ಟುವ ಕಲೆಯನ್ನು ತಾವೇ ಕಲಿತವರು. ಅವರ ಸಸ್ಯಗ್ರಂಥಗಳ ಸಂಗ್ರಹದಿಂದ 1961ರಲ್ಲಿ ಆರಂಭವಾದ ಸಂಸ್ಥೆ ಇಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದೆ. 1964ರಿಂದ ಅದು ಅಂತರರಾಷ್ಟ್ರೀಯ ಸಸ್ಯಚಿತ್ರ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಜನರಿಗೆ ಗೊತ್ತಿರುವುದು ಆ ಪ್ರದರ್ಶನಗಳು. ವಿಜ್ಞಾನಿಗಳಿಗೆ ಗೊತ್ತಿರುವುದು ಬೇರೆ: ಸಸ್ಯವಿಜ್ಞಾನದ ಪತ್ರಿಕೆಗಳ ಹೆಸರುಗಳನ್ನು ಹೇಗೆ ಸಂಕ್ಷೇಪಿಸಬೇಕೆಂಬ ಪಟ್ಟಿಯನ್ನು 1968ರಲ್ಲಿ ಪ್ರಕಟಿಸಿದ್ದು ಈ ಸಂಸ್ಥೆಯೇ, ಮತ್ತು ಇಂದಿಗೂ ಜಗತ್ತಿನ ಸಸ್ಯವಿಜ್ಞಾನಿಗಳು ಅದನ್ನೇ ಅನುಸರಿಸುತ್ತಾರೆ. ಸಂಕ್ಷೇಪಗಳ ಪಟ್ಟಿಗೆ ಹಣ ಕೊಡಿ ಎಂದು ಯಾವ ಸಿರಿವಂತರ ಮನೆ ಬಾಗಿಲಿಗೆ ಹೋದರೂ ಬರಿಗೈಯಲ್ಲಿ ಬರಬೇಕಾದೀತು. ಸಂಸ್ಥೆಗೆ ಗಂಟು ಇತ್ತು, ಏನು ಮಾಡಬೇಕೆಂಬುದನ್ನು ತೀರ್ಮಾನಿಸುವ ವಿಜ್ಞಾನಿಗಳಿದ್ದರು, ಆದ್ದರಿಂದ ಅದು ಆಯಿತು.

ಲಿಸ್ಟರಿನ್ ಬಾಯಿ ತೊಳೆಯುವ ದ್ರವದಿಂದ ಸಿರಿ ಗಳಿಸಿದ ಕುಟುಂಬದ ಬನ್ನಿ ಮೆಲನ್ ವರ್ಜೀನಿಯಾದ ಓಕ್ ಸ್ಪ್ರಿಂಗ್ ತೋಟದಲ್ಲಿ ಅಪೂರ್ವ ಸಸ್ಯಗ್ರಂಥ, ಚಿತ್ರಗಳನ್ನು ಕೂಡಿಸಿದರು. 2014ರಲ್ಲಿ ಅವರು ತೀರಿಕೊಂಡ ಮೇಲೆ ಆಸ್ತಿ ಹರಾಜಿಗೆ ಬಂತು. 9.75 ಕ್ಯಾರೆಟ್ಟಿನ ಒಂದು ನೀಲಿ ವಜ್ರವೇ 3.26 ಕೋಟಿ ಡಾಲರಿಗೆ ಹೋಯಿತು. ಒಟ್ಟು ಹರಾಜು 21.8 ಕೋಟಿ ಡಾಲರ್ ಮುಟ್ಟಿತು. ಆ ಹಣದ ಬಲದಿಂದ ಓಕ್ ಸ್ಪ್ರಿಂಗ್ ಇಂದು ಸಸ್ಯಚಿತ್ರಕಾರರಿಗೂ ಸಂಶೋಧಕರಿಗೂ ಫೆಲೊಶಿಪ್ ಕೊಡುವ ಪ್ರತಿಷ್ಠಾನವಾಗಿದೆ. 1960ರ ದಶಕದ ಆರಂಭದಲ್ಲಿ ಇದೇ ಬನ್ನಿ ಮೆಲನ್ ಶ್ವೇತಭವನದ ಗುಲಾಬಿ ತೋಟವನ್ನು ರೂಪಿಸಿದ್ದರು. ಅದರ ಹುಲ್ಲುಹಾಸಿನ ಮೇಲೆ 2025ರಲ್ಲಿ ಕಲ್ಲುಹಾಸು ಬಂತು. ಅವರ ಹೆಸರಿನಿಂದ ಪ್ರಸಿದ್ಧವಾದ ತೋಟ ಬದಲಾಯಿತು. ವಜ್ರ ಮಾರಿ ಕಟ್ಟಿದ ಗಂಟು ಉಳಿದಿದೆ.

ಹಣ ಎಲ್ಲಿಂದ ಬಂತು

ಕೊಟ್ಟ ಹಣದ ಮೂಲವನ್ನು ಕೇಳಬೇಕೇ ಎಂಬ ವಾದ ಈಚೆಗೆ ಜೋರಾಗಿದೆ. ಹೆನ್ರಿ ಷಾ ಗುಲಾಮರನ್ನು ಇಟ್ಟುಕೊಂಡಿದ್ದ. 1855ರಲ್ಲಿ ಎಸ್ತರ್ ಎಂಬ ಗುಲಾಮ ಹೆಂಗಸು ಮಕ್ಕಳೊಂದಿಗೆ ನದಿ ದಾಟಿ ಅವನಿಂದ ತಪ್ಪಿಸಿಕೊಳ್ಳಲು ಯತ್ನಿಸಿದ್ದು ದಾಖಲಾಗಿದೆ. ಡ್ಯೂಕ್ ಕುಟುಂಬದ್ದು ಸಿಗರೇಟಿನ ಹಣ. ಕ್ಯೂ ಉದ್ಯಾನದ ಕೆರೆಯ ಮೇಲೆ 2006ರಲ್ಲಿ ತೆರೆದ ಸೊಗಸಾದ ಸೇತುವೆ ಸ್ಯಾಕ್ಲರ್ ಕುಟುಂಬದ ಹೆಸರು ಹೊತ್ತಿತ್ತು. ಆ ಕುಟುಂಬದ ಕಂಪನಿ ಮಾರಿದ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಅಮೆರಿಕದ ವ್ಯಸನದ ಪಿಡುಗಿಗೆ ಕಾರಣವಾಯಿತೆಂಬ ಆರೋಪದ ಮೇಲೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮೊದಲಾದವು 2021–22ರಲ್ಲಿ ಆ ಹೆಸರನ್ನು ತೆಗೆದುಹಾಕಿದವು. ಮಾತ್ರೆಯ ಮೂಲದ್ರವ್ಯ ಬರುವುದೂ ಗಸಗಸೆ ಜಾತಿಯ ಗಿಡದಿಂದಲೇ. ಹೆಸರಿಗಾಗಿ ಕೊಟ್ಟ ದಾನಕ್ಕೆ ಹೆಸರು ಕೆಟ್ಟಾಗ ಅಪಾಯ. ಬೀರುಗಳ ಮೇಲೆ ಹೆಸರಿಲ್ಲದ್ದರಿಂದ ಈ ತಂಟೆ ಕಡಿಮೆ.

ಡಿಜಿಟಲ್ ಆದರೆ ಸಾಲದೇ?

ಡ್ಯೂಕ್ ನಿರ್ಧಾರವನ್ನು ಸಮರ್ಥಿಸುವವರ ವಾದಗಳಲ್ಲಿ ಹುರುಳಿದೆ. ಜಗತ್ತಿನಲ್ಲಿ ಸುಮಾರು 3500 ಹರ್ಬೇರಿಯಂಗಳಿವೆ, ಮಾದರಿಗಳು 40 ಕೋಟಿಯ ಹತ್ತಿರವಿವೆ. ಪ್ರತಿ ವಿಶ್ವವಿದ್ಯಾಲಯವೂ ತನ್ನದೊಂದು ಇಟ್ಟುಕೊಂಡು ಅರೆಬರೆಯಾಗಿ ನೋಡಿಕೊಳ್ಳುವ ಬದಲು, ನುರಿತ ಸಿಬ್ಬಂದಿಯಿರುವ ಕೆಲವು ದೊಡ್ಡ ಕೇಂದ್ರಗಳಿಗೆ ಒಪ್ಪಿಸುವುದು ಮಾದರಿಗಳ ದೃಷ್ಟಿಯಿಂದಲೇ ಒಳ್ಳೆಯದು. ಸ್ಕ್ಯಾನ್ ಮಾಡಿದ ಚಿತ್ರಗಳು ಎಲ್ಲರಿಗೂ ಸಿಗುತ್ತವೆ ಎನ್ನುತ್ತಾರೆ ಅವರು.

ಸಾವಿರಾರು ಸಹಿಗಳೊಂದಿಗೆ ಪ್ರತಿಭಟಿಸಿದ ವಿಜ್ಞಾನಿಗಳ ಉತ್ತರ ಹೀಗಿದೆ: ದೊಡ್ಡ ಕೇಂದ್ರಗಳಲ್ಲೂ ಜಾಗ ತುಂಬಿದೆ, ಎಂಟು ಲಕ್ಷ ಮಾದರಿಗಳನ್ನು ಒಬ್ಬರೇ ತೆಗೆದುಕೊಳ್ಳದಿದ್ದರೆ ಸಂಗ್ರಹ ಒಡೆಯುತ್ತದೆ, ವಿದ್ಯಾರ್ಥಿಗಳ ಕೈಗೆಟುಕುವಲ್ಲಿ ಹಾಳೆಗಳಿಲ್ಲದಿದ್ದರೆ ಗಿಡ ಗುರುತಿಸುವ ಮುಂದಿನ ತಲೆಮಾರು ತಯಾರಾಗುವುದಿಲ್ಲ. ಸಾಗಾಟವೂ ನಿರಪಾಯವಲ್ಲ. 2017ರಲ್ಲಿ ಪ್ಯಾರಿಸ್ಸಿನಿಂದ ಆಸ್ಟ್ರೇಲಿಯಕ್ಕೆ ಎರವಲು ಹೋದ ನೂರಕ್ಕೂ ಹೆಚ್ಚು ಅಮೂಲ್ಯ ಮಾದರಿಗಳನ್ನು, ಕಾಗದಪತ್ರ ಸರಿಯಿಲ್ಲವೆಂದು ಅಲ್ಲಿನ ಜೈವಿಕ ಸುರಕ್ಷತಾ ಅಧಿಕಾರಿಗಳು ಸುಟ್ಟುಹಾಕಿದ್ದರು.

ಎಲ್ಲವನ್ನೂ ಒಂದೆಡೆ ಇಡುವುದರ ಅಪಾಯಕ್ಕೆ ಬರ್ಲಿನ್ ಸಾಕ್ಷಿ. 1943ರ ಮಾರ್ಚ್ ಆರಂಭದ ಬಾಂಬ್ ದಾಳಿಯಲ್ಲಿ ಅಲ್ಲಿನ ಹರ್ಬೇರಿಯಂ ಹೊತ್ತಿ ಉರಿದು, ಸುಮಾರು 40 ಲಕ್ಷ ಮಾದರಿಗಳಲ್ಲಿ ಬಹುಪಾಲು ಬೂದಿಯಾದವು. ಆದರೆ 1929ರಿಂದ ಹಲವು ವರ್ಷ, ಷಿಕಾಗೊದ ಫೀಲ್ಡ್ ಮ್ಯೂಸಿಯಂನ ಮ್ಯಾಕ್‌ಬ್ರೈಡ್ ಎಂಬ ಸಸ್ಯವಿಜ್ಞಾನಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಲ್ಲಿ ಯುರೋಪಿನ ಹರ್ಬೇರಿಯಂಗಳಲ್ಲಿ ಕೂತು ಅಮೆರಿಕ ಖಂಡದ ಗಿಡಗಳ ಮೂಲಮಾದರಿಗಳ ಫೋಟೋ ತೆಗೆದಿದ್ದ. ಅದರಲ್ಲಿ ದೊಡ್ಡ ಪಾಲು ಬರ್ಲಿನ್ನಿನದು. ಸುಟ್ಟುಹೋದ ಎಷ್ಟೋ ಮಾದರಿಗಳಿಗೆ ಈಗ ಆ ಕಪ್ಪುಬಿಳುಪು ಫೋಟೋಗಳೇ ಗತಿ. ಈ ಪ್ರಸಂಗ ಎರಡೂ ಕಡೆಯವರಿಗೆ ಉತ್ತರವಾಗಬಲ್ಲದು: ಪ್ರತಿ ತೆಗೆದಿಡುವುದು ಎಷ್ಟು ಮುಖ್ಯವೆಂದೂ, ಆ ಫೋಟೋಗಳಿಂದ ಡಿಎನ್ಎ ತೆಗೆಯಲಾಗದೆಂದೂ. ತೈಲದ ದೊರೆಯ ಹಣದಿಂದ ಸಸ್ಯವಿಜ್ಞಾನಕ್ಕಾದ ದೊಡ್ಡ ಉಪಕಾರಗಳಲ್ಲಿ ಇದೊಂದು, ಆದರೆ ಅದರ ಮೇಲೆ ಹೂವಿನ ಅಲಂಕಾರದ ಫಲಕವೇನೂ ಇಲ್ಲ.

ನಮ್ಮ ಜೆಸಿಬಿ

ಜೆಸಿಬಿ ಎಂದರೆ ನಮಗೆ ಮಣ್ಣು ತೋಡುವ ಯಂತ್ರ. ಜಗತ್ತಿನ ಹರ್ಬೇರಿಯಂಗಳ ಪಟ್ಟಿಯಲ್ಲಿ ಮಾತ್ರ ಅದು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಂಗ್ರಹದ ಸಂಕೇತ. ಫಾದರ್ ಸೆಸಿಲ್ ಸಲ್ಡಾನ ಅಲ್ಲಿ ಕಟ್ಟಿದ ಸಂಗ್ರಹ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಹಯೋಗದಿಂದ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಹೊರಬಂತು. ಮುಂದೆ ಆ ಹಾಳೆಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಎರಡನೆಯ ಮನೆ ಸಿಕ್ಕಿತು. ಕಾಲೇಜಿನಲ್ಲಿ ಒಬ್ಬರ ಆಸಕ್ತಿಯಿಂದ ಬೆಳೆದ ಸಂಗ್ರಹಕ್ಕೆ ಆ ಒಬ್ಬರ ನಂತರ ಏನಾಗುತ್ತದೆ ಎಂಬ ಪ್ರಶ್ನೆ ಡ್ಯೂಕ್‌ಗಿಂತ ಮೊದಲೇ ನಮ್ಮಲ್ಲಿ ಎದ್ದಿತ್ತು.

ನಮ್ಮ ಕಾನೂನು ಈ ವಿಷಯದಲ್ಲಿ ಒಂದು ತೊಡಕನ್ನೂ ಇಟ್ಟಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್ಆರ್‌ಗೆ ಖರ್ಚು ಮಾಡಬೇಕು. ಸಸ್ಯ–ಪ್ರಾಣಿ ಸಂರಕ್ಷಣೆ ಒಪ್ಪಿತ ಬಾಬತ್ತುಗಳಲ್ಲೊಂದು. ಆದರೆ 2021ರ ತಿದ್ದುಪಡಿಯ ನಂತರ ಯಾವುದೇ ಸಂಸ್ಥೆಯ ಇಡಗಂಟಿಗೆ ಕೊಟ್ಟ ಹಣ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ, ಮುಂದುವರಿಯುವ ಯೋಜನೆಗೂ ಆರಂಭದ ವರ್ಷ ಬಿಟ್ಟು ಮೂರೇ ವರ್ಷದ ಮಿತಿ. ಹಣವನ್ನು ಗಂಟಿನಲ್ಲಿಟ್ಟು ಖರ್ಚಾಯಿತೆಂದು ತೋರಿಸುವ ಕಳ್ಳದಾರಿಯನ್ನು ಮುಚ್ಚಲು ಇದು ಸರಿಯಾದ ಕ್ರಮವೇ. ಆದರೆ ಇದರಿಂದ ಕಂಪನಿಯ ಹಣ ಬೀರು ಕೊಳ್ಳಲು, ಸ್ಕ್ಯಾನರ್ ತರಲು, ಒಂದು ಚಿತ್ರಪ್ರದರ್ಶನ ನಡೆಸಲು ಸಿಕ್ಕೀತು. ಇಪ್ಪತ್ತು ವರ್ಷ ಆ ಬೀರುಗಳನ್ನು ನೋಡಿಕೊಳ್ಳುವವರ ಸಂಬಳಕ್ಕೆ ಸಿಗುವುದು ಕಷ್ಟ.

ಉಳಿದದ್ದು ವ್ಯಕ್ತಿಗಳ ಸ್ವಂತ ಹಣ. ಅದಕ್ಕೆ ಈ ನಿರ್ಬಂಧವಿಲ್ಲ, ಬೆಂಗಳೂರಿನಲ್ಲಿ ಅದಕ್ಕೆ ಕೊರತೆಯೂ ಇಲ್ಲ: 2022ರಲ್ಲಿ ಸಾಫ್ಟ್‌ವೇರ್ ಉದ್ಯಮದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಇದೇ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ 425 ಕೋಟಿ ರೂಪಾಯಿ ನೀಡುವುದಾಗಿ ಘೋಷಿಸಿದರು. ಆಸ್ಪತ್ರೆಗೂ ಹರ್ಬೇರಿಯಂಗೂ ಹೋಲಿಕೆ ಹಚ್ಚುವುದು ಅನ್ಯಾಯ. ರೋಗಿಯ ಮುಂದೆ ಒಣಗಿದ ರೆಂಬೆ ನಿಲ್ಲಲಾರದು. ಆದರೆ ಮೇಲಿನ 25 ಕೋಟಿಯ ಲೆಕ್ಕದಲ್ಲಿ ಹರ್ಬೇರಿಯಂ ಕೇಳುವುದು ಅದರ ಹದಿನೇಳರಲ್ಲಿ ಒಂದು ಪಾಲನ್ನು. ಎಂಗೆಲ್‌ಮನ್‌ನಂತೆ ಸಿರಿವಂತರ ಎದುರು ಕೂತು, ಗ್ಯಾಲರಿಯ ನಕ್ಷೆಯ ಪಕ್ಕದಲ್ಲೇ ಕ್ಯುರೇಟರ್ ಸಂಬಳದ ಲೆಕ್ಕವನ್ನೂ ಇಡುವ ಸಸ್ಯವಿಜ್ಞಾನಿ ಆ ಮಾತುಕತೆಯಲ್ಲಿ ಇರುತ್ತಾರೋ ಇಲ್ಲವೋ ಎಂಬುದರ ಮೇಲೆ, ಹಾಸನದ ಮಲೆಗಳಿಂದ ಐವತ್ತು ವರ್ಷದ ಹಿಂದೆ ಕಿತ್ತು ತಂದ ಹಾಳೆಗಳ ಮುಂದಿನ ಐವತ್ತು ವರ್ಷ ನಿಂತಿದೆ.